ಹೌದು ಅಂದವನು

ಆ ಊರಿನಲ್ಲಿ ಬಿಸಿಲು ವರ್ಷಪೂರ್ತಿ ಇರುತ್ತಿರಲಿಲ್ಲ. ಬಿಸಿಲುಗಾಲ ಮುಗಿಯುತ್ತಿದ್ದಂತೆ ಮಂಜು ಇಳಿಯುತ್ತಿತ್ತು. ಇಳಿದ ಮಂಜು ತಿಂಗಳುಗಟ್ಟಲೆ ಏಳುತ್ತಿರಲಿಲ್ಲ. ಆಗ ಹರವಿದ ಬಟ್ಟೆ ಒಣಗುತ್ತಿರಲಿಲ್ಲ, ಹಾಕಿದ ಬೀಜ ಮೊಳೆಯುತ್ತಿರಲಿಲ್ಲ, ಮುದುಕರ ಕೀಲು ಮಡಚಿದರೆ ಬಿಚ್ಚುತ್ತಿರಲಿಲ್ಲ. ಅದಕ್ಕೇ ಆ ಊರಿನವರು ಬಿಸಿಲನ್ನು ಹಿಡಿದಿಡುತ್ತಿದ್ದರು. ಅಂಗಳದಲ್ಲಿ ತಾಮ್ರದ ಕೊಡಗಳನ್ನು ಬಾಯಿ ತೆರೆದು ಇಡುತ್ತಿದ್ದರು. ಕೊಡ ತುಂಬಿ ಕಂಠದವರೆಗೆ ಹೊಳೆದಾಗ ಒದ್ದೆ ಬಟ್ಟೆ ಬಿಗಿದು, ತಲೆಯ ಮೇಲೆ ಹೊತ್ತು, ಬೆಟ್ಟಕ್ಕೆ ಹೋಗುತ್ತಿದ್ದರು.

ಬೆಟ್ಟದಲ್ಲಿ ಮನೆಗೊಂದು ಕದವಿತ್ತು. ಕಲ್ಲಿನ ಕದ. ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ, ಕಾವಲಿನವನೂ ಇಲ್ಲ. ಕಾವಲಿನವನು ಬೇಡವೆಂದೇ ಹಿರಿಯರು ಬೆಟ್ಟವನ್ನು ಆರಿಸಿಕೊಂಡಿದ್ದರು. ಅದಕ್ಕೂ ಮೊದಲು ಒಬ್ಬ ಉಗ್ರಾಣದವನಿದ್ದನಂತೆ. ಊರಿನ ಬಿಸಿಲೆಲ್ಲ ಅವನ ಉಗ್ರಾಣದಲ್ಲಿರುತ್ತಿತ್ತಂತೆ. ಒಂದು ಮಂಜುಗಾಲದಲ್ಲಿ ಅವನು ಒಳಗಿನಿಂದ ಬಾಗಿಲು ಹಾಕಿಕೊಂಡು ತಾನೊಬ್ಬನೇ ಬೆಚ್ಚಗೆ ಕೂತ. ಹೊರಗೆ ಜನ ಬಾಗಿಲು ಬಡಿದು ಬಡಿದು ಸತ್ತರು. ಉಳಿದವರು ಹೇಳಿದರು: ಇನ್ನು ಮನುಷ್ಯನ ಕೈಯಲ್ಲಿ ಕೊಡುವುದು ಬೇಡ, ಬೆಟ್ಟದ ಕೈಯಲ್ಲಿ ಕೊಡೋಣ.

ಬೆಟ್ಟಕ್ಕೆ ಆಸೆಯಿಲ್ಲ. ಬೆಟ್ಟಕ್ಕೆ ಕರುಣೆಯೂ ಇಲ್ಲ. ಬೆಟ್ಟಕ್ಕೆ ಮುಖ ಗೊತ್ತಿಲ್ಲ, ಮಾತು ಮಾತ್ರ ಗೊತ್ತು.

ಹೊಸದಾಗಿ ಕದ ಪಡೆದವರಿಗೆ ಬೆಟ್ಟ ಒಂದು ಮಾತಿನ ಸರ ಕೊಡುತ್ತಿತ್ತು. ಒರಳು, ಹಂಸ, ಕೊಡಲಿ, ಮುಗುಳು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಕದದ ಮುಂದೆ ನಿಂತು ಆ ಸರವನ್ನು ಒಂದು ಪದ ತಪ್ಪದೆ ಹೇಳಬೇಕು. ಬೇರೆಲ್ಲೂ ಹೇಳಬಾರದು. ಗಂಡ ಹೆಂಡತಿಗೆ ಹೇಳಬಾರದು, ತಾಯಿ ಮಗಳಿಗೆ ಹೇಳಬಾರದು, ಜ್ವರದಲ್ಲಿ ಕನವರಿಸಬಾರದು.

ಸರ ಹೇಳಿದ ಮಾತ್ರಕ್ಕೆ ಕದ ತೆರೆಯುತ್ತಿರಲಿಲ್ಲ. ಪ್ರತಿ ಕದಕ್ಕೂ ಒಬ್ಬ ಓಗೊಡುವವನು ಇರುತ್ತಿದ್ದ. ಕದದ ಒಡೆಯರು ನಂಬಿ ಆರಿಸಿಕೊಂಡ ಇನ್ನೊಂದು ಜೀವ. ಸರ ಕೇಳಿಸಿಕೊಂಡ ಬೆಟ್ಟ, ಓಗೊಡುವವನು ಎಲ್ಲೇ ಇರಲಿ, ಅವನ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಆ ಗುಂಗಿನೊಳಗೆ ಒಂದು ಪ್ರಶ್ನೆ: ನಿನ್ನವರೇನಾ? ಓಗೊಡುವವನು ಎದ್ದು ಬೆಟ್ಟಕ್ಕೆ ಹೋಗಬೇಕು. ಕಣ್ಣಲ್ಲಿ ಕಾಣಬೇಕು, ಕೈ ಮುಟ್ಟಬೇಕು, ಆಮೇಲೆ ಹೌದು ಅನ್ನಬೇಕು. ಕಾಣಲಾಗದಿದ್ದರೆ ಅಲ್ಲ ಅನ್ನಬೇಕು. ಹೌದು ಅಂದರೆ ಕಲ್ಲು ಸರಿಯುತ್ತಿತ್ತು. ಅಲ್ಲ ಅಂದರೆ ಕಲ್ಲು ಕಲ್ಲಾಗಿಯೇ ಇರುತ್ತಿತ್ತು. ಒಮ್ಮೆ ಹೊರಗೆ ಹೋದ ಬಿಸಿಲನ್ನು ಬೆಟ್ಟ ಹಿಂದಕ್ಕೆ ಕರೆಯುತ್ತಿರಲಿಲ್ಲ. ಅತ್ತರೂ ಇಲ್ಲ, ಹರಕೆ ಹೊತ್ತರೂ ಇಲ್ಲ.

ಆ ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೀಲಿಯ ಹಂಡೆಯಲ್ಲಿ ಬಟ್ಟೆ ಅದ್ದುವುದು ಅವನ ಕಸುಬು. ಅವನ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಹಪ್ಪಳದವಳು ಇದ್ದಳು. ಅವಳಿಗೆ ಗಂಡನಿರಲಿಲ್ಲ, ಅವನಿಗೆ ಹೆಂಡತಿ ಇರಲಿಲ್ಲ. ಆ ಗಂಡನನ್ನೂ ಈ ಹೆಂಡತಿಯನ್ನೂ ಒಂದೇ ಮಂಜುಗಾಲ ತಿಂದಿತ್ತು. ಆ ಕಾಲ ಕಳೆದ ಮೇಲೆ ಅವಳು ಅವನ ಅಂಗಳಕ್ಕೆ ಬಂದು ಹೇಳಿದ್ದಳು: "ತಮ್ಮಾ, ನನ್ನ ಕದಕ್ಕೆ ನೀನು ಓಗೊಡು. ನಿನ್ನ ಕದಕ್ಕೆ ನಾನು ಓಗೊಡ್ತೀನಿ. ಇಬ್ಬರಿಗೂ ಬೇರೆ ಯಾರಿದ್ದಾರೆ?"

ಇಬ್ಬರೂ ನಾಲಿಗೆಯ ಮೇಲೆ ಉಪ್ಪಿಟ್ಟುಕೊಂಡು ಒಪ್ಪಿದರು. ಊರಿನ ಕ್ರಮ ಅದು.

ಮೊದಮೊದಲು ಬಣ್ಣಗಾರನ ಕಿವಿಯಲ್ಲಿ ಗುಂಯ್ ಎಂದರೆ ಸಾಕು, ಹಂಡೆಯೊಳಗಿನ ಬಟ್ಟೆ ಹಾಗೇ ಬಿಟ್ಟು ಓಡುತ್ತಿದ್ದ. ಏದುಸಿರು ಬಿಡುತ್ತ ಅವಳ ಮುಂದೆ ನಿಂತು ಕೇಳುತ್ತಿದ್ದ:

"ಅಕ್ಕಾ, ನೀನೇನಾ?"

"ನಾನೇ ಕಣೋ. ಕಣ್ಣು ಕಾಣಲ್ವಾ?"

"ಕಾಣುತ್ತೆ. ಕೈ ಕೊಡು."

ಅವಳು ನಗುತ್ತ ಕೈ ಚಾಚುತ್ತಿದ್ದಳು. ಅವನು ಮುಟ್ಟಿ ಹೌದು ಅನ್ನುತ್ತಿದ್ದ. ಕಲ್ಲು ಸರಿಯುತ್ತಿತ್ತು. ಅವಳ ಕೈ ಮೇಲೆ ನೀಲಿ ಉಳಿಯುತ್ತಿತ್ತು.

ವರ್ಷಗಳು ಕಳೆದವು. ಕದದ ಮುಂದೆ ನಿಂತವಳು ಪ್ರತಿ ಸಲವೂ ಅವಳೇ. ಪ್ರತಿ ಸಲವೂ ನಾನೇ ಕಣೋ. ಒಂದು ದಿನ ಅವನು ಬೆಟ್ಟದವರೆಗೆ ಹೋಗದೆ, ಬೀದಿಯ ತುದಿಯಲ್ಲಿ ನಿಂತು ಅವಳ ಸೀರೆಯ ಬಣ್ಣ ಕಂಡು ಹೌದು ಅಂದ. ಇನ್ನೊಂದು ದಿನ ಅಂಗಳದಿಂದಲೇ ಅಂದ. ಏನೂ ಆಗಲಿಲ್ಲ. ಮತ್ತೊಂದು ದಿನ ಹಂಡೆಯಿಂದ ತಲೆ ಎತ್ತದೆ ಅಂದ. ಆಗಲೂ ಏನೂ ಆಗಲಿಲ್ಲ. ಏನೂ ಆಗದ ದಿನಗಳು ಒಂದರ ಮೇಲೊಂದು ಬಿದ್ದು ಅವನ ಕಿವಿಗೆ ಮೆತ್ತೆಯಾದವು.

ಅವಳು ಮಾತ್ರ ಹಾಗೆ ಮಾಡಲಿಲ್ಲ. ಅವನು ತನ್ನ ಕದದ ಮುಂದೆ ನಿಂತಾಗಲೆಲ್ಲ, ಮಂಡಿ ಊದಿದ್ದರೂ ಕೋಲು ಊರಿಕೊಂಡು ಬಂದು, ಮುಖ ನೋಡಿ, ಕೈ ಮುಟ್ಟಿಯೇ ಹೌದು ಅನ್ನುತ್ತಿದ್ದಳು. "ಬೀದಿಯಿಂದಲೇ ಅನ್ನಬಾರದೇನಕ್ಕಾ, ಯಾಕೆ ಕಾಲು ನೋಯಿಸ್ಕೊಳ್ತೀಯ?" ಅಂದರೆ, "ಉಪ್ಪು ತಿಂದಿದ್ದೀನಲ್ಲಪ್ಪಾ," ಅನ್ನುತ್ತಿದ್ದಳು.

ಹೀಗಿರುವಾಗ ಒಂದು ವರ್ಷ, ಅಪ್ಪ ಸತ್ತಾಗ ಇನ್ನೂ ಎಳೆಯವಳಾಗಿದ್ದ ಹಪ್ಪಳದವಳ ಮಗಳು ಬಸುರಿಯಾಗಿ ತವರಿಗೆ ಬಂದಳು. ಚೊಚ್ಚಲು. ಹೆರಿಗೆ ಮಂಜುಗಾಲದ ನಡುವೆ ಬರುತ್ತದೆಂದು ಸೂಲಗಿತ್ತಿ ಹೇಳಿದಳು. ಮಂಜುಗಾಲದಲ್ಲಿ ಹುಟ್ಟಿದ ಕೂಸಿಗೆ ದಿನಾ ಎಳೆಬಿಸಿಲು ಕಾಯಿಸಬೇಕು. ಇಲ್ಲದಿದ್ದರೆ ಮೈ ಹಳದಿಯಾಗುತ್ತದೆ, ಹಾಲು ಎಳೆಯುವ ಶಕ್ತಿ ಹೋಗುತ್ತದೆ. ಹಪ್ಪಳದವಳು ಬಿಸಿಲುಗಾಲ ಪೂರ್ತಿ ದುಡಿದಳು. ತನ್ನ ಹಪ್ಪಳಕ್ಕೆ ಬೇಕಾದ ಬಿಸಿಲನ್ನೂ ಕೊಡಕ್ಕೆ ಬಿಟ್ಟು, ಹಪ್ಪಳವನ್ನು ಗಾಳಿಯಲ್ಲಿ ಒಣಗಿಸಿದಳು. ಬೆಳಗಿನ ಬಿಸಿಲನ್ನೇ ಆರಿಸಿ ಆರಿಸಿ ಹಿಡಿದಳು. ಮಧ್ಯಾಹ್ನದ್ದು ಕೂಸಿನ ಚರ್ಮಕ್ಕೆ ಖಾರ ಅನ್ನುತ್ತಿದ್ದಳು.

ಬಿಸಿಲುಗಾಲದ ಕೊನೆಯಲ್ಲಿ ಊರಿಗೆ ಒಬ್ಬ ಬಂದ. ಬೆಟ್ಟದ ಬುಡದಲ್ಲಿ, ಸಂತೆಬೀದಿಗೆ ಹತ್ತಿರದಲ್ಲಿ, ಬಂಡೆಗೆ ಒಂದು ಹೊಸ ಕದ ನಿಲ್ಲಿಸಿದ. ಮಾವಿನೆಲೆ ಕಟ್ಟಿದ. ತಾನು ಕದ ಸರಿಮಾಡುವವನು ಅಂದ. ಅವನ ಮಾತು ಬೆಲ್ಲದಂತೆ ಇತ್ತು. ಹಪ್ಪಳದವಳು ಕೋಲು ಊರಿಕೊಂಡು ಬೆಟ್ಟ ಹತ್ತುವಾಗ ಎದ್ದು ನಿಂತು ಕೈ ಮುಗಿದ.

"ಅಮ್ಮಾ, ಹೇಳೋಕೆ ಸಂಕಟ ಆಗುತ್ತೆ. ನಿಮ್ಮ ಕದ ಬಿರುಕು ಬಿಟ್ಟಿದೆ. ಬಿಸಿಲು ಸೋರುತ್ತಾ ಇದೆ."

"ಸೋರೋದಾ? ಕಲ್ಲು ಸೋರುತ್ತೇನಪ್ಪಾ?"

"ಅಲ್ಲಿ ನೋಡಿ."

ಅವಳು ಮೇಲೆ ನೋಡಿದಳು. ತನ್ನ ಕದದ ಮೇಲೆ ಬೆಳಕಿನ ತುಣುಕೊಂದು ನಡುಗುತ್ತಿತ್ತು. ಅವನ ಅಂಗೈಯೊಳಗೆ ಕನ್ನಡಿಯ ಚೂರಿದ್ದದ್ದು ಅವಳಿಗೆ ಕಾಣಲಿಲ್ಲ. ಅವಳಿಗೆ ಕಂಡದ್ದು ಮಗಳ ಹೊಟ್ಟೆ, ಆ ಹೊಟ್ಟೆಗೆಂದು ಹಿಡಿದಿಟ್ಟ ಬಿಸಿಲು, ಅದು ಹನಿಹನಿಯಾಗಿ ಹೋಗುತ್ತಿರುವುದು.

"ಏನಪ್ಪಾ ಮಾಡೋದು ಈಗ?"

"ಏನೂ ಇಲ್ಲಮ್ಮಾ. ಈ ಹೊಸ ಕದದ ಮುಂದೆ ನಿಮ್ಮ ಸರ ಒಂದು ಸಲ ಹೇಳಿ. ಆ ಕದಕ್ಕೂ ಈ ಕದಕ್ಕೂ ಒಳಗೊಳಗೇ ಸಂದಿ ಇದೆ. ಬಿರುಕು ತಾನೇ ಮುಚ್ಚಿಕೊಳ್ಳುತ್ತೆ. ನೀವು ಬೆಟ್ಟ ಹತ್ತೋದೂ ಬೇಡ. ಮಂಡಿ ಊದಿದೆಯಲ್ಲಾ ಪಾಪ."

ಮಂಡಿ ಊದಿದ್ದನ್ನು ಅವನು ನೋಡಿದನಲ್ಲ ಎಂದು ಅವಳ ಕಣ್ಣು ಒದ್ದೆಯಾಯಿತು. ಹೊಸ ಕದದ ಮುಂದೆ ನಿಂತು ಸರ ಹೇಳಿದಳು. ಒಂದು ಪದವೂ ತಪ್ಪಲಿಲ್ಲ. ಮೇಲಿನ ಬೆಳಕಿನ ತುಣುಕು ಮಾಯವಾಯಿತು. "ನೋಡಿ, ಮುಚ್ಚಿತು," ಅಂದ ಅವನು. ಅವಳು ಅವನ ಕೈಗೆ ಹಪ್ಪಳದ ಕಟ್ಟು ಕೊಟ್ಟು ಮನೆಗೆ ಬಂದಳು.

ಅದೇ ಹೊತ್ತಿಗೆ ಬಣ್ಣಗಾರ ಹಂಡೆಯ ಮುಂದಿದ್ದ. ದೊಡ್ಡ ಮನೆಯೊಂದರ ಮದುವೆಯ ಸೀರೆಗಳು. ನೀಲಿ ಹದಕ್ಕೆ ಬಂದಿತ್ತು. ಹದದಲ್ಲಿ ಕೈ ಬಿಟ್ಟರೆ ಬಟ್ಟೆ ಪಟ್ಟೆಪಟ್ಟೆಯಾಗುತ್ತದೆ. ಆಗ ಕಿವಿಯಲ್ಲಿ ಗುಂಯ್ ಅಂತು.

ನಿನ್ನವರೇನಾ?

ಅವನು ಗೋಡೆಯಾಚೆ ಕಿವಿಗೊಟ್ಟ. ಹಪ್ಪಳದವಳ ಮನೆಯಲ್ಲಿ ಲಟ್ಟಣಿಗೆಯ ಸದ್ದು ಕೇಳಿದ ಹಾಗಿತ್ತು. ಮಗಳು ಲಟ್ಟಿಸುತ್ತಿದ್ದಳೋ, ತಾಯಿಯೋ ತಿಳಿಯಲಿಲ್ಲ. "ಅಲ್ಲ," ಅಂದ.

ಸ್ವಲ್ಪ ಹೊತ್ತಿಗೆ ಮತ್ತೆ. ನಿನ್ನವರೇನಾ? ಅಲ್ಲ. ಮತ್ತೆ. ಅಲ್ಲ. ಮತ್ತೆ. ಬೆಟ್ಟಕ್ಕೆ ದಣಿವಿಲ್ಲ. ಕದದ ಮುಂದೆ ನಿಂತವನಿಗೂ ದಣಿವಿರಲಿಲ್ಲ. ಸರ ಹೇಳುತ್ತಲೇ ಇದ್ದ, ಬೆಟ್ಟ ಕೇಳುತ್ತಲೇ ಇತ್ತು. ಜೇನುಹುಳು ತಲೆಯೊಳಗೆ ಸಿಕ್ಕಿಕೊಂಡಂತೆ ಗುಂಯ್, ಗುಂಯ್, ಗುಂಯ್. ಅವನ ಕೈಯಿಂದ ಸೀರೆ ಜಾರಿತು. ನೀಲಿ ಅಂಚು ದಾಟಿ ಹರಿಯಿತು. ಅವನಿಗೆ ಸಿಟ್ಟು ಬಂತು. ಎದ್ದು ಹೋದರೆ ಸೀರೆ ಕೆಡುತ್ತದೆ, ಕೂತರೆ ತಲೆ ಕೆಡುತ್ತದೆ. ಅವಳೇ ಇರಬೇಕು, ಬೇರೆ ಯಾರು ಇಷ್ಟು ಹಟ ಹಿಡಿಯುತ್ತಾರೆ, ಅಂದುಕೊಂಡ. ಹಾಗೆ ಅಂದುಕೊಂಡಾಗಲೂ ಅವನಿಗೆ ಅದು ಪೂರ್ತಿ ನಂಬಿಕೆಯಾಗಿರಲಿಲ್ಲ.

"ಹೌದು! ಹೌದು ಮಾರಾಯ! ಸಾಕು ಮಾಡು!"

ಗುಂಗು ನಿಂತಿತು. ಎಂಥ ಹಿತವಾದ ಮೌನ! ಬಣ್ಣಗಾರ ಉಸಿರು ಬಿಟ್ಟು ಸೀರೆಯನ್ನು ನೀಲಿಗಿಳಿಸಿದ. ಅಂದು ಬಂದ ಬಣ್ಣ ಅವನ ಜೀವಮಾನದಲ್ಲೇ ಬಂದಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು.

ಮಾರನೆಯ ದಿನ ಮಾವಿನೆಲೆಯ ಕದ ಇರಲಿಲ್ಲ, ಕದ ಸರಿಮಾಡುವವನೂ ಇರಲಿಲ್ಲ. ಬಂಡೆಯ ಬುಡದಲ್ಲಿ ಕನ್ನಡಿಯ ಚೂರೊಂದು ಬಿದ್ದಿತ್ತು. ಹಪ್ಪಳದವಳು ಅದನ್ನು ಎತ್ತಿಕೊಂಡಳು. ಚೂರಿನಿಂದ ಬೆಳಕಿನ ತುಣುಕೊಂದು ಹಾರಿ ತನ್ನ ಕದದ ಮೇಲೆ ಕೂತು ನಡುಗಿತು. ಅವಳಿಗೆ ಎಲ್ಲ ತಿಳಿಯಿತು. ತನ್ನ ಕದದ ಮುಂದೆ ಹೋಗಿ ಸರ ಹೇಳಿದಳು. ಬಣ್ಣಗಾರನ ಕಿವಿ ಗುಂಯ್ ಅಂತು. ಈ ಸಲ ಅವನು ಓಡಿದ. ಬಹಳ ವರ್ಷಗಳ ಮೇಲೆ, ಮೊದಲಿನ ಹಾಗೆ, ಕೈಯಿಂದ ನೀಲಿ ತೊಟ್ಟಿಕ್ಕುತ್ತಿರುವಾಗಲೇ ಓಡಿದ. ಕಂಡು, ಮುಟ್ಟಿ, ಹೌದು ಅಂದ. ಕಲ್ಲು ಸರಿಯಿತು.

ಒಳಗೆ ಕತ್ತಲೆ. ಕತ್ತಲೆಯಲ್ಲದೆ ಬೇರೇನೂ ಇರಲಿಲ್ಲ.

ಅವಳು ಕೂಗಲಿಲ್ಲ. ಬಾಗಿ, ಕೈ ಚಾಚಿ, ಒಳಗಿನ ನೆಲ ಸವರಿದಳು. ತಣ್ಣಗಿತ್ತು. ಆಮೇಲೆ ಅವನ ಕಡೆ ತಿರುಗಿದಳು.

"ನಾನೇ ಕೊಟ್ಟೆ ಕಣೋ. ಈ ಬಾಯಿಂದಲೇ ಕೊಟ್ಟೆ. ಆದರೆ ನಿನ್ನ ಕೇಳದೆ ಬೆಟ್ಟ ಹೇಗೆ ತೆಗೀತು? ನಿನ್ನ ಕೇಳಲಿಲ್ವಾ?"

ಬಣ್ಣಗಾರನ ನಾಲಿಗೆ ಎದ್ದಿತು. ಹೇಳಬೇಕಾದ ಮಾತು ಅದರ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಜನ ಸೇರಿದ್ದರು. ಬುಟ್ಟಿ ಹೆಣೆಯುವವನು ಇದ್ದ, ಸೂಲಗಿತ್ತಿ ಇದ್ದಳು, ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

"ನನ್ನ ಕಿವಿಗೆ ಏನೂ ಬೀಳಲಿಲ್ಲ ಅಕ್ಕಾ," ಅಂದ.

"ಅವನು ಏನೋ ಮಾಟ ಮಾಡಿರಬೇಕು," ಅಂದಳು ಅವಳು. ಅವನನ್ನು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಅನುಮಾನಿಸಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಬುಟ್ಟಿ ಹೆಣೆಯುವವನು ಹೇಳಿದ: "ಬೇಲಿ ಇಲ್ಲದ ಬಾಯಿ. ಮಾವಿನೆಲೆ ಕಂಡರೆ ಸಾಕು, ಹಾಡಿಬಿಡೋದೇ?"

ಆ ದಿನದಿಂದ ಹಪ್ಪಳದವಳು ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಯಾರೂ ಕಟ್ಟು ಎಂದಿರಲಿಲ್ಲ. ಕಟ್ಟಬೇಡ ಎಂದೂ ಯಾರೂ ಹೇಳಲಿಲ್ಲ. ಉಣ್ಣುವಾಗ ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ಬೀದಿಯಲ್ಲಿ ಮಕ್ಕಳು ಅವಳನ್ನು ನೋಡಿ ತಮ್ಮ ಬಾಯಿಗೂ ಬಟ್ಟೆ ಕಟ್ಟಿಕೊಂಡು ಆಡಿದರು. ಬಣ್ಣಗಾರ ದಿನಾ ಅದನ್ನು ನೋಡಿದ. ಬೆಳಿಗ್ಗೆ ಅವಳು ಅಂಗಳ ಗುಡಿಸುವಾಗ ನೋಡಿದ, ಬಾವಿಯಿಂದ ನೀರು ತರುವಾಗ ನೋಡಿದ. ಆ ಬಟ್ಟೆ ಅವನೇ ಬಣ್ಣ ಹಾಕಿ ಹಬ್ಬಕ್ಕೆ ಕೊಟ್ಟದ್ದು. ನಾಳೆ ಹೇಳುತ್ತೇನೆ ಅಂದುಕೊಂಡ. ಮಗಳ ಹೆರಿಗೆ ಆಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡ. ಈಗ ಹೇಳಿ ಅವಳ ಸಂಕಟ ಇನ್ನೂ ಹೆಚ್ಚಿಸುವುದೇಕೆ ಅಂದುಕೊಂಡ. ಅಂದುಕೊಂಡಷ್ಟೂ ಮಾತು ನಾಲಿಗೆಯಿಂದ ಗಂಟಲಿಗೆ ಇಳಿಯಿತು, ಗಂಟಲಿನಿಂದ ಹೊಟ್ಟೆಗೆ ಇಳಿಯಿತು. ಅಲ್ಲಿ ಬೆಟ್ಟದ ಕಲ್ಲಿನ ಹಾಗೆ ಕೂತಿತು. ಅನ್ನ ಸೇರಲಿಲ್ಲ. ಯಾರಾದರೂ ಅವನ ಬಣ್ಣವನ್ನು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದ.

ಮಂಜು ಇಳಿಯಿತು. ಮಂಜಿನ ನಡುವೆ ಕೂಸು ಹುಟ್ಟಿತು. ಹೆಣ್ಣು. ಮೊದಲೆರಡು ದಿನ ಕೆಂಪಗಿದ್ದ ಕೂಸಿನ ಮುಖ ಆಮೇಲೆ ಅರಿಶಿನ ಬಳಿದಂತಾಯಿತು. ಮುಖದಿಂದ ಎದೆಗೆ, ಎದೆಯಿಂದ ಕಾಲಿಗೆ ಹಳದಿ ಇಳಿಯಿತು. ಕೂಸು ಹಾಲು ಬಿಟ್ಟು ತೂಕಡಿಸತೊಡಗಿತು.

"ಇದಕ್ಕೆ ಮದ್ದು ನನ್ನ ಹತ್ತಿರ ಇಲ್ಲ," ಅಂದಳು ಸೂಲಗಿತ್ತಿ. "ಬಿಸಿಲು ಬೇಕು. ದಿನಾ ಬೇಕು. ಹಳದಿ ತಲೆಗೇರಿದರೆ ಕೂಸು ಉಳಿದರೂ ಕೂಸಾಗಿ ಉಳಿಯಲ್ಲ."

ಸೂಲಗಿತ್ತಿ ತನ್ನ ಮನೆಯಿಂದ ಒಂದು ತಂಬಿಗೆ ಬಿಸಿಲು ತಂದಳು. ಬೇರೆಯವರೂ ಒಂದೊಂದು ಬೊಗಸೆ ಕೊಟ್ಟರು. ಆದರೆ ಎಲ್ಲರ ಮನೆಯಲ್ಲೂ ಮುದುಕರಿದ್ದರು, ಮಕ್ಕಳಿದ್ದರು, ಮಂಜು ಇನ್ನೂ ಬಹಳ ದಿನ ಇತ್ತು. ಬಣ್ಣಗಾರ ತನ್ನ ಒಲೆಯ ಪಕ್ಕದ ಕೊಡವನ್ನು ಯಾರೂ ಕಾಣದ ಹಾಗೆ ಅವರ ಹೊಸ್ತಿಲಲ್ಲಿಟ್ಟು ಬಂದ. ಅದೂ ಮುಗಿಯಿತು. ಗೋಡೆಯಾಚೆಯಿಂದ ಅಳು ಕೇಳಿದಾಗ ಹಂಡೆ ಬಿಟ್ಟು ಏಳುತ್ತಿದ್ದ. ಕೇಳದಿದ್ದಾಗ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದ.

ಒಂದು ಬೆಳಿಗ್ಗೆ ಅಳು ಕೇಳಲೇ ಇಲ್ಲ. ಬಣ್ಣಗಾರ ಮನೆಯ ಕೊಡಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿ, ಹೆಗಲಿಗೆ ಹಾಕಿಕೊಂಡು, ಮಂಜಿನಲ್ಲಿ ಬಂಡೆ ತಡವುತ್ತ ಬೆಟ್ಟ ಹತ್ತಿದ. ತನ್ನ ಕದದ ಮುಂದೆ ನಿಂತು ಸರ ಹೇಳಿದ. ಹೇಳಿದ ಮೇಲೆ ಅವನಿಗೆ ನೆನಪಾಯಿತು: ಬೆಟ್ಟ ಈಗ ಅವಳನ್ನು ಕೇಳುತ್ತದೆ.

ಕೆಳಗೆ, ಕೂಸನ್ನು ಎದೆಗವಚಿ ಕೂತಿದ್ದ ಹಪ್ಪಳದವಳ ಕಿವಿ ಗುಂಯ್ ಅಂತು. ನಿನ್ನವರೇನಾ? ಕಾಣದೆ ಅನ್ನಬಾರದು. ಕೂಸನ್ನು ಬಿಟ್ಟು ಏಳುವ ಹಾಗಿಲ್ಲ. ಅಲ್ಲ, ಅಂದಳು. ಕಲ್ಲು ಕಲ್ಲಾಗಿಯೇ ಇತ್ತು. ಅವನು ಮತ್ತೆ ಹೇಳಿದ. ಅಲ್ಲ, ಅಂದಳು. ಅವನು ಮತ್ತೆ ಹೇಳಿದ. ಆಗ ಅವಳಿಗೆ ಗಾಬರಿಯಾಯಿತು. ಅವನ ಕದವನ್ನೂ ಯಾರೋ ಒಡೆಯುತ್ತಿದ್ದಾರೆ, ನನ್ನ ಹಾಗೆ ಅವನೂ ಬರಿದಾಗುತ್ತಾನೆ ಎಂದು ಕೂಸನ್ನು ಮಗಳ ಮಡಿಲಿಗೆ ಹಾಕಿ ಕೋಲು ಹಿಡಿದಳು.

ಮಂಜಿನೊಳಗಿಂದ ಮೊದಲು ಕೋಲಿನ ಸದ್ದು ಬಂತು. ಆಮೇಲೆ ಅವಳು ಬಂದಳು. ಬಾಯಿಯ ಬಟ್ಟೆ ಉಸಿರಿಗೆ ಒದ್ದೆಯಾಗಿತ್ತು. ಅವನ ಮುಖ ನೋಡಿದಳು, ಕೈ ಮುಟ್ಟಿದಳು. ನಿಟ್ಟುಸಿರಿಟ್ಟಳು. ಆಮೇಲೆ ಕೊಡಗಳನ್ನು ನೋಡಿದಳು. ಬಟ್ಟೆಯನ್ನು ಗಲ್ಲಕ್ಕೆ ಎಳೆದುಕೊಂಡಳು.

"ಇಷ್ಟು ಕೊಡ ಯಾಕೋ? ಪೂರ್ತಿ ತೆಗೀತೀಯಾ?"

"ಪೂರ್ತಿ."

"ಯಾರಾದರೂ ಹೆದರಿಸಿದ್ರಾ? ಬಿರುಕು ಬಿಟ್ಟಿದೆ ಅಂದ್ರಾ?"

"ಯಾರೂ ಇಲ್ಲಕ್ಕಾ. ಕೂಸಿಗೆ."

ಅವಳು ಒಂದು ಕೊಡದ ಮೇಲೆ ಕೈಯಿಟ್ಟಳು. "ಕೂಸಿಗೆ ಒಂದು ಕೊಡ ಕೊಡು, ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ. ಪೂರ್ತಿ ಬೇಡ. ನೀನು ಚಳಿಯಲ್ಲಿ ಸಾಯ್ತೀಯ. ನನ್ನ ಬಾಯಿ ಮಾಡಿದ ತಪ್ಪಿಗೆ ನೀನ್ಯಾಕೆ ಬರಿದಾಗಬೇಕು? ಪೂರ್ತಿಗಾದರೆ ನಾನು ಅಲ್ಲ ಅಂತೀನಿ. ನಿನ್ನ ಕಾಯೋಕೇ ಅಲ್ವಾ ನಾನು ಉಪ್ಪು ತಿಂದದ್ದು?"

ಬಣ್ಣಗಾರ ಹೆಗಲಿನ ಹಗ್ಗ ಕೆಳಗಿಳಿಸಿದ. ಕೊಡಗಳು ಒಂದಕ್ಕೊಂದು ತಾಗಿ ಕಣಕಣ ಅಂದವು.

"ನಿನ್ನ ಬಾಯಿ ಮಾತ್ರ ಅಲ್ಲಕ್ಕಾ."

"ಏನು?"

"ಬೆಟ್ಟ ನನ್ನ ಕೇಳಿತ್ತು. ಅವತ್ತು. ನಾನು ಹೌದು ಅಂದೆ."

ಮಂಜು ಅವರಿಬ್ಬರ ನಡುವೆ ಸರಿದಾಡಿತು. ಅವಳು ಕಲ್ಲಿನ ಮೇಲೆ ಮೆಲ್ಲನೆ ಕೂತಳು, ಎರಡೂ ಕೈ ಊರಿ.

"ಕಂಡು ಅಂದೆಯಾ?"

"ಕಾಣದೆ ಅಂದೆ. ಹಂಡೆ ಮುಂದೆ ಕೂತಿದ್ದೆ. ಮೊದಲು ಅಲ್ಲ ಅಂದೆ. ತುಂಬಾ ಸಲ ಅಲ್ಲ ಅಂದೆ. ಅದು ಬಿಡಲೇ ಇಲ್ಲ. ಕೇಳ್ತಾನೇ ಇತ್ತು."

"ಆಮೇಲೆ?"

"ಬೇಜಾರಾಯ್ತು."

"ಬೇಜಾರಾಯ್ತು," ಅಂದಳು ಅವಳು. ಆ ಮಾತನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವವಳಂತೆ ಇನ್ನೊಮ್ಮೆ ಅಂದಳು, "ಬೇಜಾರಾಯ್ತು."

ಅವನು ತಲೆ ತಗ್ಗಿಸಿದ. ಅವಳು ಬೈದರೆ ಸಾಕು, ಹೊಡೆದರೆ ಸಾಕು ಅನ್ನಿಸಿತು. ಅವಳು ಬೈಯಲಿಲ್ಲ. ದನಿ ಮೆತ್ತಗಿತ್ತು.

"ಹೌದು ಅಂದದ್ದಕ್ಕೆ ನಿನ್ನ ಏನೂ ಅನ್ನಲ್ಲ. ಮಂಡಿ ನೋಯ್ತಿತ್ತು, ನಾನು ಸೋತೆ. ತಲೆ ಕೆಟ್ಟಿತ್ತು, ನೀನು ಸೋತೆ. ಕಳ್ಳ ಗೆದ್ದ. ಅದು ಹೋಗಲಿ. ಆದರೆ ನಾನು ಕೇಳಿದೆನಲ್ಲೋ. ಈ ಬೆಟ್ಟದಲ್ಲೇ ನಿಂತು ಕೇಳಿದೆ. ನೀನು ಕಿವಿಗೆ ಬೀಳಲಿಲ್ಲ ಅಂದೆ. ಅವತ್ತಿಂದ ಈ ಬಟ್ಟೆ ಕಟ್ಕೊಂಡು ತಿರುಗ್ತಿದ್ದೀನಿ. ಮಕ್ಕಳು ನಕ್ಕರು. ಮಗಳು ಹೆರಿಗೆ ನೋವಲ್ಲಿ 'ಅಮ್ಮಾ ಮಾತಾಡು' ಅಂತ ಕೂಗಿದಳು, ಆಗಲೂ ಬಿಚ್ಚಲಿಲ್ಲ, ಈ ಬಾಯಿ ಮುಟ್ಟಿದ್ದೆಲ್ಲಾ ಹಾಳು ಅಂತ. ನೀನು ದಿನಾ ನೋಡಿದೆ. ನೋಡಲಿಲ್ವಾ?"

"ನೋಡಿದೆ."

"ನೋಡಿ?"

ನಾಳೆ ಹೇಳೋಣ ಅಂದುಕೊಂಡಿದ್ದೆ ಎನ್ನುವುದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು.

ಅವಳು ಕುತ್ತಿಗೆಗೆ ಇಳಿದಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಬೆರಳು ಚಳಿಗೆ ಮರಗಟ್ಟಿತ್ತು, ಗಂಟು ಬೇಗ ಬಿಚ್ಚಲಿಲ್ಲ. ಅವನು ನೆರವಿಗೆ ಕೈ ಚಾಚಿದ. "ಬೇಡ," ಅಂದಳು. ಬಿಚ್ಚಿದ ಬಟ್ಟೆಯನ್ನು ಅವನ ಮುಂದೆ ಕಲ್ಲಿನ ಮೇಲಿಟ್ಟಳು. ಉತ್ತರಕ್ಕೆ ಕಾಯುತ್ತಿದ್ದ ಬೆಟ್ಟ ಮತ್ತೆ ಅವಳ ಕಿವಿಯಲ್ಲಿ ಗುಂಯ್ ಅಂದದ್ದು ಅವನಿಗೆ ಅವಳ ಮುಖದಿಂದ ತಿಳಿಯಿತು. ಅವಳು ಕೋಲು ಊರಿ ಎದ್ದಳು. ಅವನ ಮುಖವನ್ನು ಇನ್ನೊಮ್ಮೆ ನೋಡಿದಳು. ಮೊದಲ ಸಲ ನೋಡುವವಳಂತೆ ನೋಡಿದಳು. ಕೈ ಮುಟ್ಟಿದಳು.

"ಹೌದು," ಅಂದಳು ಬೆಟ್ಟಕ್ಕೆ. "ಇವನೇ."

ಕಲ್ಲು ಸರಿಯಿತು. ಬಿಸಿಲು ಅವರಿಬ್ಬರ ಕಾಲ ಮೇಲೆ ಚೆಲ್ಲಿತು.

ಕೊಡಗಳನ್ನು ಅವನು ಹೊತ್ತ. ಅವಳು ಮುಂದೆ ನಡೆದಳು. ಮನೆ ಮುಟ್ಟಿ ಮೊದಲ ಕೊಡದ ಬಟ್ಟೆ ಬಿಚ್ಚಿದಾಗ ಒಳಗಿನ ಕತ್ತಲೆ ಮೂಲೆಗೆ ಸರಿಯಿತು. ಸೂಲಗಿತ್ತಿ ಕೂಸಿನ ಬಟ್ಟೆ ತೆಗೆದು ಬಿಸಿಲಿಗೆ ಮಲಗಿಸಿದಳು. ಮಗುಚಿ ಬೆನ್ನು ಕಾಯಿಸಿದಳು, ಮತ್ತೆ ಎದೆ ಕಾಯಿಸಿದಳು. ಬಣ್ಣಗಾರ ಹೊಸ್ತಿಲ ಹೊರಗೆ ನಿಂತಿದ್ದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಸಂಜೆಯ ಹೊತ್ತಿಗೆ ಕೂಸು ಅತ್ತಿತು. ಸಿಟ್ಟಿನಿಂದ, ಹಸಿವಿನಿಂದ, ಗಟ್ಟಿಯಾಗಿ ಅತ್ತಿತು. ಅವನು ಗೋಡೆಗೆ ಹಣೆ ಒತ್ತಿ ನಿಂತ.

ಹಳದಿ ಇಳಿಯಲು ದಿನಗಳು ಹಿಡಿದವು. ಕಾಲಿನಿಂದ ಹೋಯಿತು, ಎದೆಯಿಂದ ಹೋಯಿತು, ಕೊನೆಗೆ ಕಣ್ಣಿನ ಬಿಳಿಯಿಂದಲೂ ಹೋಯಿತು. ಬಣ್ಣಗಾರನ ಮನೆಯಲ್ಲಿ ಒಲೆಯ ಬೆಂಕಿ ಬಿಟ್ಟರೆ ಬೇರೆ ಬಿಸಿ ಇರಲಿಲ್ಲ. ಬಿಸಿಯಿಲ್ಲದೆ ಹಂಡೆಯ ನೀಲಿ ಹುಳಿ ಬರದೆ ಕೆಟ್ಟಿತು. ಕೆಮ್ಮು ಎದೆಗಿಳಿಯಿತು.

ಕೆಮ್ಮುತ್ತಲೇ ಅವನು ಬಾವಿಕಟ್ಟೆಗೆ ಹೋದ. ಬುಟ್ಟಿ ಹೆಣೆಯುವವನು ಅಲ್ಲಿ ನೀರು ಸೇದುತ್ತಿದ್ದ.

"ಅಣ್ಣಾ, ಹಪ್ಪಳದಕ್ಕನ ಬಾಯಿಗೆ ಬೇಲಿ ಇಲ್ಲ ಅಂದಿದ್ದೆಯಲ್ಲ. ಅವಳು ಒಬ್ಬಳೇ ಕಳೀಲಿಲ್ಲ. ಬೆಟ್ಟ ನನ್ನ ಕೇಳ್ತು. ನಾನು ಕಾಣದೆ ಹೌದು ಅಂದೆ. ಆಮೇಲೆ ಕೇಳಲೇ ಇಲ್ಲ ಅಂತ ಸುಳ್ಳು ಹೇಳಿದೆ."

ಬುಟ್ಟಿ ಹೆಣೆಯುವವನ ಕೈಯಲ್ಲಿ ಹಗ್ಗ ನಿಂತಿತು. ಬೈಯಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ನಿನ್ನೆ ಸಂಜೆ, ಬಿದಿರು ಸೀಳುತ್ತ, ತನ್ನ ಮಾವನ ಕದಕ್ಕೆ ತಾನು ಹೌದು ಅಂದದ್ದು ಅವನಿಗೆ ನೆನಪಾಗಿತ್ತು. ಕತ್ತಿಯಿಂದ ಕಣ್ಣೆತ್ತಿರಲಿಲ್ಲ. ಕೊಡ ಅರ್ಧ ತುಂಬಿದ್ದಾಗಲೇ ಇಟ್ಟು, ಮಾವನ ಮನೆಯ ಕಡೆ ಹೆಜ್ಜೆ ಹಾಕಿದ.

ಬಣ್ಣಗಾರ ಮನೆಮನೆಗೆ ಹೋಗಿ ಅದೇ ಮಾತು ಹೇಳಿದ. ಕೆಲವರು ಉಗಿದರು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಅವನು ಹೋದ ಮೇಲೆ ಮೆಲ್ಲನೆ ಎದ್ದು, ತಾವು ಓಗೊಡುವವರ ಮುಖ ನೋಡಿ ಬರಲು ಹೋದರು. ಹೇಳಿದಷ್ಟೂ ಹೊಟ್ಟೆಯ ಕಲ್ಲು ಹಗುರಾಗುತ್ತದೆ ಎಂದು ಅವನು ತಿಳಿದಿದ್ದ. ಹಗುರಾಗಲಿಲ್ಲ.

ಹಪ್ಪಳದವಳು ತನ್ನ ಕದಕ್ಕೆ ಓಗೊಡಲು ಸೂಲಗಿತ್ತಿಯನ್ನು ಕೇಳಿಕೊಂಡಳು. ಇಬ್ಬರೂ ಅವನ ಕಣ್ಣೆದುರಿಗೇ ನಾಲಿಗೆಗೆ ಉಪ್ಪಿಟ್ಟುಕೊಂಡರು. ಅವನು ಹಿಂದೆಯೇ ಹೋಗಿ ಕೇಳಿದ:

"ನನ್ನ ಕದಕ್ಕೆ ನಾನೂ ಬೇರೆಯವರನ್ನ ನೋಡ್ಕೊಳ್ಳಲಾ ಅಕ್ಕಾ?"

"ಯಾಕೆ? ನಾನು ಕಂಡೇ ಹೌದು ಅನ್ನೋಳು. ನಿನಗೇನು ತೊಂದರೆ?"

ಅಷ್ಟು ಹೇಳಿ ಒಳಗೆ ಹೋದಳು. ಅವಳು ಅವನನ್ನು ಬಿಟ್ಟಳೋ, ಹಿಡಿದುಕೊಂಡಳೋ ಅವನಿಗೆ ತಿಳಿಯಲಿಲ್ಲ.

ಮಂಜು ಎದ್ದಿತು. ಬಿಸಿಲುಗಾಲ ಬಂತು. ಹಪ್ಪಳದವಳು ಸಂತೆಬೀದಿಯಲ್ಲಿ ಹಪ್ಪಳದ ಬುಟ್ಟಿ ಮುಂದಿಟ್ಟುಕೊಂಡು, ತಾನು ಹೇಗೆ ಮೋಸ ಹೋದೆ ಎಂದು ಕೊಳ್ಳಲು ಬಂದವರಿಗೆಲ್ಲ ಗಟ್ಟಿ ದನಿಯಲ್ಲಿ ಹೇಳುತ್ತಿದ್ದಳು. ಕೇಳುತ್ತ ನಿಂತವರಲ್ಲಿ ಬಣ್ಣಗಾರನೂ ಇರುತ್ತಿದ್ದ. ಅವನ ಹೆಸರು ಬರುವ ಕಡೆ ಅವಳು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಲೂ ಇರಲಿಲ್ಲ.

ಒಂದು ದಿನ ಅವಳು ಸಂತೆಗೆ ಹೋಗಿದ್ದಾಗ, ಮಗಳು ಕೂಸನ್ನು ಎತ್ತಿಕೊಂಡು ಬಣ್ಣಗಾರನ ಅಂಗಳಕ್ಕೆ ಬಂದಳು. ಅವನು ಹಂಡೆ ತಿಕ್ಕುತ್ತಿದ್ದವನು ಎದ್ದು ನಿಂತ. ಕೂಸು ಹುಟ್ಟಿದಾಗಿನಿಂದ ಅವಳು ಅವನೊಡನೆ ಮಾತಾಡಿರಲಿಲ್ಲ.

"ಮಾವಾ, ಅಮ್ಮ ನನಗೆ ಎಲ್ಲಾ ಹೇಳಿದ್ದಾಳೆ."

"ಗೊತ್ತಮ್ಮಾ."

"ನಾನು ಮರೆತಿಲ್ಲ. ಮರೀತೀನಿ ಅಂತಲೂ ಅಂದ್ಕೊಬೇಡ."

"ಇಲ್ಲಮ್ಮಾ."

ಅವಳು ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. ಬೀದಿಯ ಎರಡೂ ಕಡೆ ನೋಡಿದಳು.

"ಒಲೆ ಮೇಲೆ ಹಾಲಿದೆ. ನೀರು ಬೇರೆ ತರಬೇಕು. ಮನೇಲಿ ಯಾರೂ ಇಲ್ಲ. ಸ್ವಲ್ಪ ಹೊತ್ತು ಇದನ್ನ ಹಿಡ್ಕೊಂಡಿರು."

ಅವನು ಕೈ ತೊಳೆದ. ಸಾಲದೆಂದು ಮತ್ತೆ ತೊಳೆದ. ಅವಳು ಕೂಸನ್ನು ಅವನ ತೋಳಿಗೆ ಇಳಿಸಿ, ಕುತ್ತಿಗೆಯ ಕೆಳಗೆ ಕೈ ಹೇಗಿರಬೇಕೆಂದು ತಿದ್ದಿ, ಹೋದಳು.

ಬಣ್ಣಗಾರ ಜಗಲಿಯ ಮೇಲೆ ಕೂತ. ಕೂಸು ಭಾರವಾಗಿತ್ತು, ಬೆಚ್ಚಗಿತ್ತು, ಅವನನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋಯಿತು. ತೋಳು ಜೋಮು ಹಿಡಿಯಿತು, ಅವನು ಅಲುಗಲಿಲ್ಲ. ನೊಣವೊಂದು ಅವನ ಹಣೆಯ ಮೇಲೆ ಕೂತಿತು, ಅದನ್ನೂ ಓಡಿಸಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ, "ಏನು ಬಣ್ಣಗಾರಾ, ಕೆಲಸ ಇಲ್ವಾ ಇವತ್ತು?" ಅಂದರು. ಅವನು ತಲೆ ಎತ್ತಲಿಲ್ಲ. ಕೂಸಿನ ಮುಖದಿಂದ ಕಣ್ಣು ತೆಗೆಯಲು ಅವನಿಗೆ ಧೈರ್ಯವಿರಲಿಲ್ಲ.